ಆ ಸಾಲನ್ನು ಬಾಯಿಪಾಠ ಮಾಡಿಸಬೇಡಿ

ನಮಸ್ಕಾರ.

ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫೈಲ್ ಓದಿಸುವುದರ ಬಗ್ಗೆ, ‘ಜಾವಾದಲ್ಲಿ ವೇಗವಾಗಿ ಓದುವ ಬಗೆ’ ಅಂತ ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಇಲ್ಲಿ ದಾವಣಗೆರೆಯ ಕಚೇರಿಯಲ್ಲಿ, ಇನ್ನೊಮ್ಮೆ ನಿಮ್ಮ ಚಿತ್ರದುರ್ಗಕ್ಕೆ ಬರುವ ಬಸ್ಸಿನಲ್ಲಿ. ನೇರವಾಗಿ ಹೇಳಿಬಿಡುತ್ತೇನೆ: ಹೀಗೇ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸುವ ಮನಸ್ಸೂ ಇಲ್ಲ. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ಮೊದಲ ಎರಡು ಪುಟ ತೆಗೆದುಬಿಡಿ. ಫೈಲ್ ಓದುವುದು ಹೇಗೆ ಅಂತ ತಿಳಿಯಲು ಬಂದವನಿಗೆ ಅಬಾಕಸ್ ಯಾಕೆ? ಆ ಎರಡು ಪುಟದಲ್ಲಿ ನನಗೆ ಖುಷಿ ಕೊಟ್ಟದ್ದು ಒಂದೇ ವಿಷಯ. ಬಫರ್ಡ್‌ರೀಡರ್ (ಓದಬೇಕಾದದ್ದನ್ನು ಒಂದಿಷ್ಟು ಒಟ್ಟಿಗೆ ತಂದು, ಬಫರ್ ಅನ್ನುವ ಮೆಮೊರಿಯ ಜಾಗದಲ್ಲಿ ಇಟ್ಟುಕೊಳ್ಳುವ ಜಾವಾದ ಸಾಧನ) ಬಂದದ್ದು 1997ರಲ್ಲಿ, ಜಾವಾ 1.1ರ ಜೊತೆ. ದಾವಣಗೆರೆ ನಿಮ್ಮ ಜಿಲ್ಲೆಯಿಂದ ಬೇರೆಯಾಗಿ ತಾನೇ ಜಿಲ್ಲೆಯಾದದ್ದೂ ಅದೇ ವರ್ಷ. ಲೇಖನಕ್ಕೆ ಇದು ಬೇಕಿಲ್ಲ, ಸುಮ್ನೆ ಹೇಳಿದೆ.

ಆಮೇಲೆ ಓಬವ್ವ ಬರುತ್ತಾಳೆ. ದುರ್ಗದವರು ಏನೇ ಬರೆದರೂ ಓಬವ್ವ ಬಂದೇ ಬರುತ್ತಾಳೆ, ನಮ್ಮೂರಿನವರ ಬರಹಕ್ಕೆ ಬೆಣ್ಣೆ ದೋಸೆ ಬಂದ ಹಾಗೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ್ದನ್ನು ನೀವು ಬಫರ್ ಇಲ್ಲದೆ ಓದುವುದಕ್ಕೆ ಹೋಲಿಸಿದ್ದೀರಿ. ಆದರೆ ಆ ಕಥೆಯಲ್ಲಿ ಒಬ್ಬೊಬ್ಬರಾಗಿ ಬಂದದ್ದರಿಂದಲೇ ಓಬವ್ವ ಗೆದ್ದಳು! ಓದುಗ ಬಫರ್ ಬೇಡವೇ ಬೇಡ ಅಂದುಕೊಂಡು ಎದ್ದು ಹೋಗುತ್ತಾನೆ. ಅವಳನ್ನು ಕೋಟೆಯಲ್ಲೇ ಬಿಡಿ.

ಇನ್ನು ನಿಮ್ಮ ಪತ್ರ. ಲೇಖನದ ಜೊತೆಗಿದ್ದ ಚೀಟಿಯಲ್ಲಿ ಹೀಗೆ ಬರೆದಿದ್ದೀರಿ: ‘ನಮ್ಮ ಮಾವನವರದು ದಾವಣಗೆರೆ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ. ಹಳೆಯ ತೂಕದ ಫೈಲ್ ಓದಿ ರೈತರ ಲೆಕ್ಕ ಕೂಡಿಸಲು ಪ್ರೋಗ್ರಾಂ ಬರೆದೆ. ಚಹಾ ಕುಡಿದು ಬಂದರೂ ಮುಗಿದಿರಲಿಲ್ಲ. ಹೆಸರುಗಳೆಲ್ಲ ಕಲಸಿಹೋಗಿದ್ದವು. ಎರಡು ಕಡೆ ಬದಲಾಯಿಸಿದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು.’ ಇದನ್ನು ಚೀಟಿಯಲ್ಲಿ ಬಚ್ಚಿಟ್ಟು ಲೇಖನದಲ್ಲಿ ಅಬಾಕಸ್ ಬರೆದಿದ್ದೀರಲ್ಲ! ಲೇಖನ ಇಲ್ಲಿಂದ ಶುರುವಾಗಬೇಕು.

ನಾಲ್ಕನೇ ಪುಟದಲ್ಲಿ, ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದನ್ನು ಓದಲು ಜಾವಾದವರು ಬರೆಯುವ ಆ ಪ್ರಸಿದ್ಧ ಸಾಲು ಇದೆ. ಹೊರಗೆ ಬಫರ್ಡ್‌ರೀಡರ್, ಅದರೊಳಗೆ ಇನ್‌ಪುಟ್‌ಸ್ಟ್ರೀಮ್‌ರೀಡರ್, ಅದರೊಳಗೆ ಸಿಸ್ಟಮ್ ಡಾಟ್ ಇನ್. ‘ಇದು ಸ್ವಲ್ಪ ಕಷ್ಟ, ಸದ್ಯಕ್ಕೆ ಬಾಯಿಪಾಠ ಮಾಡಿಕೊಳ್ಳಿ’ ಅಂದಿದ್ದೀರಿ. ನನಗೂ ಕಾಲೇಜಿನಲ್ಲಿ ಹಾಗೇ ಹೇಳಿದ್ದರು. ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದೆ, ಅರ್ಥವಾಗಲು ಎಷ್ಟೋ ವರ್ಷ ಹಿಡಿಯಿತು. ಆ ಸಾಲನ್ನು ಬಿಡಿಸಿ ಹೇಳುವುದೇ ನಿಮ್ಮ ಲೇಖನದ ಕೆಲಸ. ಉಳಿದದ್ದೆಲ್ಲ ಅದಕ್ಕೆ ಜೊತೆ.

ಒಳಗಿನಿಂದ ಹೊರಕ್ಕೆ ಬನ್ನಿ. ಸಿಸ್ಟಮ್ ಡಾಟ್ ಇನ್‌ಗೆ ಅಕ್ಷರ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಕೊಡುವುದು ಬರೀ ಬೈಟು, ಅಂದರೆ ಕಂಪ್ಯೂಟರ್ ಇಟ್ಟುಕೊಳ್ಳುವ ಚಿಕ್ಕ ಚಿಕ್ಕ ಸಂಖ್ಯೆ. ಫೈಲಿನಿಂದ ಓದುವಾಗ ಅದರ ಜಾಗದಲ್ಲಿ ಫೈಲ್‌ಇನ್‌ಪುಟ್‌ಸ್ಟ್ರೀಮ್ ಕೂರುತ್ತದೆ, ಅದರದ್ದೂ ಅದೇ ಕಥೆ. ನಡುವಿನದು ಬೈಟುಗಳನ್ನು ಅಕ್ಷರ ಮಾಡುತ್ತದೆ. ಹೊರಗಿನದು 8192 ಅಕ್ಷರ ಹಿಡಿಯುವ ಜಾಗ ಇಟ್ಟುಕೊಂಡು, ಅದರಲ್ಲಿ ತುಂಬಿಸಿಟ್ಟು, ನೀವು ರೀಡ್‌ಲೈನ್ ಅಂದಾಗ ಒಂದು ಸಾಲು ಕತ್ತರಿಸಿ ಕೊಡುತ್ತದೆ. ಮುಗಿದರೆ ನಲ್, ಅಂದರೆ ‘ಇನ್ನೇನೂ ಇಲ್ಲ’ ಅನ್ನುವ ಗುರುತು, ಕೊಡುತ್ತದೆ. ಮೂವರಿಗೂ ಬೇರೆ ಬೇರೆ ಕೆಲಸ. ಇಷ್ಟು ಹೇಳಿದ್ದರೆ ಬಾಯಿಪಾಠವೇ ಬೇಕಿರಲಿಲ್ಲ.

ಈಗ ತಪ್ಪುಗಳು. ‘ಬಫರ್ ಇಲ್ಲದಿದ್ದರೆ ಪ್ರೋಗ್ರಾಂ ಪ್ರತಿ ಅಕ್ಷರಕ್ಕೂ ಡಿಸ್ಕ್‌ಗೆ ಹೋಗಿ ಬರುತ್ತದೆ’ ಅಂತ ಬರೆದಿದ್ದೀರಿ. ಎಲ್ಲರೂ ಹೀಗೇ ಬರೆಯುತ್ತಾರೆ, ಆದರೆ ಸರಿಯಲ್ಲ. ಆಪರೇಟಿಂಗ್ ಸಿಸ್ಟಮ್ ಡಿಸ್ಕಿನಿಂದ ಒಮ್ಮೆ ತಂದದ್ದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಮುಂದಿನ ಬೈಟು ಬೇಕೆಂದರೆ ಅಲ್ಲಿಂದಲೇ ಎತ್ತಿ ಕೊಡುತ್ತದೆ. ಹಾಗಾದರೆ ಹೊತ್ತು ಎಲ್ಲಿ ಹೋಗುತ್ತದೆ? ನಿಮ್ಮ ಪ್ರೋಗ್ರಾಂ ತನ್ನ ಗಡಿ ದಾಟಿ ಆಪರೇಟಿಂಗ್ ಸಿಸ್ಟಮ್ ಹತ್ತಿರ ಹೋಗಿ ಕೇಳಿ ವಾಪಸ್ ಬರುವುದರಲ್ಲಿ. ಸಿಸ್ಟಮ್ ಕಾಲ್ ಅನ್ನುವುದು ಇದನ್ನೇ.

ಇದನ್ನು ತೋರಿಸಲು ನಿಮ್ಮ ಮಾವನವರ ಅಂಗಡಿಯೇ ಸಾಕು. ಲಾರಿ ತುಂಬ ಮೆಕ್ಕೆಜೋಳ ಬಂದಿದೆ ಅಂದುಕೊಳ್ಳಿ. ಹಮಾಲರು ಒಂದೊಂದೇ ಕಾಳು ಹಿಡಿದು ಗೇಟಿಗೆ ಬಂದು, ಆ ಕಾಳಿಗೆ ಎಂಟ್ರಿ ಬರೆಸಿ, ಅಂಗಡಿಗೆ ಹಾಕಿ, ಮತ್ತೆ ಲಾರಿಗೆ ಹೋಗುತ್ತಾರೆ. ಕಾಳು ಏನು ಭಾರ? ಭಾರವಿರುವುದು ಗೇಟಿನ ಎಂಟ್ರಿ. ಚೀಲಕ್ಕೆ ತುಂಬಿದರೆ ಚೀಲಕ್ಕೊಂದೇ ಎಂಟ್ರಿ. ಲೆಕ್ಕವನ್ನೂ ಕೊಡಿ: ಒಂದು ಎಂಬಿ ಫೈಲ್ ಅಂದರೆ 10,48,576 ಬೈಟು. ಫೈಲ್‌ಇನ್‌ಪುಟ್‌ಸ್ಟ್ರೀಮ್‌ನಿಂದ ಒಂದೊಂದೇ ಬೈಟು ಕೇಳಿದರೆ ಗೇಟಿಗೆ ಅಷ್ಟೂ ಸಲ ಹೋಗಬೇಕು. 8192 ಬೈಟಿನ ಚೀಲ ಹಿಡಿದರೆ 128 ಸಲ. ‘ಬಹಳ ವೇಗ’ ಅಂತ ನೀವು ಹನ್ನೊಂದು ಕಡೆ ಬರೆದಿದ್ದೀರಿ. ಈ ಎರಡು ಸಂಖ್ಯೆ ಇದ್ದರೆ ಅದನ್ನು ಒಂದು ಕಡೆಯೂ ಬರೆಯಬೇಕಿಲ್ಲ.

ಲಾರಿಯ ಕೊನೆಯ ಚೀಲ ಅರ್ಧವೇ ತುಂಬಿದ್ದರೂ ತೂಕಕ್ಕೆ ಹಾಕುತ್ತಾರೆ, ಅಲ್ವಾ? ಆರನೇ ಪುಟದಲ್ಲಿ ‘ಬಫರ್ ತುಂಬುವ ತನಕ ಪ್ರೋಗ್ರಾಂಗೆ ಏನೂ ಸಿಗುವುದಿಲ್ಲ’ ಅಂದಿದ್ದೀರಿ. ಹಾಗಿಲ್ಲ. ಆಗ ಸಿಕ್ಕಷ್ಟನ್ನು ತಂದು ಕೊಡುತ್ತದೆ. ಇಲ್ಲದಿದ್ದರೆ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದವನು ಇನ್ನೂ ಎಂಟು ಸಾವಿರ ಅಕ್ಷರ ಒತ್ತುತ್ತಾ ಕೂರಬೇಕಿತ್ತು.

ಇನ್ನೊಂದು ಸೂಕ್ಷ್ಮ ಇದೆ. ಫೈಲಿನ ಬೈಟುಗಳನ್ನು ತಾನೇ ಅಕ್ಷರ ಮಾಡಿ ಕೊಡುವ ಫೈಲ್‌ರೀಡರ್ ಒಂದನ್ನೇ ಬಳಸಿದರೆ ಬಫರೇ ಇಲ್ಲ ಅಂತ ಹೇಳಿದ್ದೀರಿ. ಅದರ ಹೊಟ್ಟೆಯೊಳಗೂ ಬೈಟುಗಳಿಗೆ ಒಂದು ಬಫರ್ ಇದೆ. ಅಲ್ಲಿ ನಷ್ಟ ಗೇಟಿನದಲ್ಲ, ಒಂದೊಂದು ಅಕ್ಷರ ಕೇಳಿದಾಗಲೂ ಬೈಟನ್ನು ಅಕ್ಷರ ಮಾಡುವ ಯಂತ್ರವನ್ನು ಮತ್ತೆ ಮತ್ತೆ ಓಡಿಸುವುದು. ನಿಮ್ಮ ಕೋಟೆಯ ಹೊಂಡಗಳಿದ್ದ ಹಾಗೆ ಇದು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ ಇಳಿಯುತ್ತದಲ್ಲ. ಆಪರೇಟಿಂಗ್ ಸಿಸ್ಟಮ್‌ನದು ಒಂದು ಹೊಂಡ, ನಡುವಿನವನದು ಒಂದು, ಬಫರ್ಡ್‌ರೀಡರ್‌ನದು ಒಂದು. ದುರ್ಗದ ಹೋಲಿಕೆ ಬೇಕೇ ಬೇಕು ಅಂದರೆ ಓಬವ್ವನ ಬದಲು ಇದನ್ನು ತನ್ನಿ.

ನಿಮ್ಮ ಹಳೆಯ ಕೋಡನ್ನೂ ನೋಡಿದೆ. ‘ಎರಡು ಕಡೆ ಬದಲಾಯಿಸಿದೆ’ ಅಂದಿರಲ್ಲ, ಎರಡನೆಯದು ಏನು ಅಂತ ಲೇಖನದಲ್ಲಿ ಇಲ್ಲವೇ ಇಲ್ಲ. ಲೂಪಿನೊಳಗೆ ಪ್ರತಿ ಅಕ್ಷರವನ್ನೂ ಪ್ಲಸ್ ಹಾಕಿ, ಅಕ್ಷರಗಳ ಸರ ಅನ್ನಬಹುದಾದ ಸ್ಟ್ರಿಂಗ್‌ಗೆ ಅಂಟಿಸುತ್ತಿದ್ದಿರಿ. ಆಗ ಪ್ರತಿ ಸಲವೂ ಹಳೆಯದೆಲ್ಲ ಹೊಸ ಸ್ಟ್ರಿಂಗ್‌ಗೆ ನಕಲಾಗುತ್ತದೆ. ಫೈಲ್ ದೊಡ್ಡದಾದಷ್ಟೂ ಈ ನಕಲಿನ ಕೆಲಸ ಬೆಳೆಯುತ್ತಾ ಹೋಗುತ್ತದೆ. ಅದನ್ನು, ಪ್ರತಿ ಸಲ ಎಲ್ಲ ನಕಲು ಮಾಡದೆ ಕೊನೆಗೆ ಅಂಟಿಸುತ್ತಾ ಹೋಗುವ ಸ್ಟ್ರಿಂಗ್‌ಬಿಲ್ಡರ್ ಮಾಡಿದಿರಿ. ಚಹಾ ಕುಡಿದು ಬಂದರೂ ಮುಗಿಯದೇ ಇದ್ದದ್ದಕ್ಕೆ ಇದೂ ಕಾರಣ. ಪೂರ್ತಿ ಶ್ರೇಯಸ್ಸನ್ನು ಬಫರ್‌ಗೇ ಕೊಟ್ಟಿದ್ದು ನ್ಯಾಯವಲ್ಲ. ಒಂದೊಂದನ್ನೇ ಬದಲಿಸಿ, ಬೇರೆ ಬೇರೆಯಾಗಿ ಸಮಯ ಅಳೆದು ಬರೆಯಿರಿ.

ಹೆಸರುಗಳು ಕಲಸಿಹೋದ ವಿಷಯಕ್ಕೆ ನೀವು ಲೇಖನದಲ್ಲಿ ಕೊಟ್ಟದ್ದು ಒಂದೇ ಸಾಲು: ‘ಕನ್ನಡಕ್ಕೆ ಬೆಂಬಲ ಕಡಿಮೆ.’ ಇದನ್ನು ನಾನು ಖಂಡಿತ ಹಾಕುವುದಿಲ್ಲ. ಬೆಂಬಲ ಬೇಕಾದಷ್ಟಿತ್ತು, ನೀವು ನಡುವಿನ ಇನ್‌ಪುಟ್‌ಸ್ಟ್ರೀಮ್‌ರೀಡರನ್ನು ಬಿಟ್ಟು ಬೈಟನ್ನೇ ನೇರವಾಗಿ ಅಕ್ಷರ ಮಾಡಿಕೊಂಡಿದ್ದಿರಿ. ಅಕ್ಷರಗಳನ್ನು ಬೈಟುಗಳಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ‘ದಾವಣಗೆರೆ’ಯಲ್ಲಿ ನಮ್ಮ ಕಣ್ಣಿಗೆ ಐದು ಅಕ್ಷರ, ಕಂಪ್ಯೂಟರಿಗೆ ದೀರ್ಘ, ಎತ್ವ ಎಲ್ಲ ಬೇರೆ ಬೇರೆಯಾಗಿ ಎಂಟು ಚಿಹ್ನೆ, ಒಟ್ಟು 24 ಬೈಟು. ನಿಮ್ಮ ಸ್ಕ್ರೀನ್‌ಶಾಟಿನಲ್ಲಿ ‘ದ’ ಇರಬೇಕಾದ ಕಡೆ ಏನಿತ್ತು ನೋಡಿ: ತಲೆ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷ್ ಎ, ಪುಟ್ಟ ಎರಡು, ನಡುವೆ ಮುರಿದ ಒಂದು ನಿಂತ ಗೆರೆ. ಮೂರು ಬೈಟು ಮೂರು ದಿಕ್ಕಿಗೆ ಹೋಗಿದ್ದು ಹೀಗೆ. ಕನ್ನಡದ ಎಲ್ಲ ಚಿಹ್ನೆಗಳ ಮೊದಲ ಬೈಟು ಒಂದೇ, ಅದಕ್ಕೇ ಸಾಲು ತುಂಬ ಆ ಓರೆ ಗೆರೆಯ ಎ. ಆ ಚಿತ್ರವನ್ನೇ ಹಾಕೋಣ. ಓದುಗರು ಇದನ್ನು ಕಂಡಿರುತ್ತಾರೆ, ಕಾರಣ ಮಾತ್ರ ಯಾರೂ ಹೇಳಿರುವುದಿಲ್ಲ.

ಇಲ್ಲೇ ಇನ್ನೊಂದು ಚಂದದ ಲೆಕ್ಕ ಇದೆ. 8192 ಮೂರರಿಂದ ಭಾಗವಾಗುವುದಿಲ್ಲ. ಬರೀ ಕನ್ನಡವೇ ಇರುವ ಫೈಲಿನ ಮೊದಲ ಚೀಲದಲ್ಲಿ 2730 ಚಿಹ್ನೆ ಹಿಡಿದು, ಮುಂದಿನದರ ಎರಡು ಬೈಟು ಈ ಚೀಲದಲ್ಲಿ, ಮೂರನೆಯದು ಆ ಚೀಲದಲ್ಲಿ. ಇನ್‌ಪುಟ್‌ಸ್ಟ್ರೀಮ್‌ರೀಡರ್ ಆ ಎರಡನ್ನು ಹಿಡಿದಿಟ್ಟುಕೊಂಡು ಮುಂದಿನ ಚೀಲ ಬಂದಾಗ ಸೇರಿಸುತ್ತದೆ. ಬೈಟ್ ಅರೇಯಲ್ಲಿ ತುಂಡು ತುಂಡಾಗಿ ಓದಿ, ಒಂದೊಂದು ತುಂಡನ್ನೂ ಸ್ಟ್ರಿಂಗ್ ಮಾಡುವವರಿಗೆ ಆ ಅಕ್ಷರ ಮುರಿದುಹೋಗುತ್ತದೆ. ಜೊತೆಗೆ, ಯುಟಿಎಫ್-8 ಅಂತ ಕೋಡಿನಲ್ಲಿ ಬರೆದೇ ಬಿಡಿ. ಅದು ತಾನಾಗಿ ಡೀಫಾಲ್ಟ್ ಆದದ್ದು 2022ರಲ್ಲಿ, ಜಾವಾ 18ರಿಂದ. ಮಂಡಿಯ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಯಾವ ಜಾವಾ ಇದೆಯೋ ಏನೋ.

ಜಾವಾದಲ್ಲಿ ಇನ್‌ಪುಟ್ ಓದುವ ಇನ್ನೊಂದು ಸಾಧನವಾದ ಸ್ಕ್ಯಾನರ್ ಮೇಲೆ ಲೇಖನದಲ್ಲಿ ಇಷ್ಟೊಂದು ಸಿಟ್ಟು ಬೇಡ. ಅದು ಪ್ರತಿ ತುಂಡನ್ನೂ ಪ್ಯಾಟರ್ನ್‌ಗೆ ಹೋಲಿಸಿ ನೋಡುತ್ತದೆ, ಅದಕ್ಕೆ ನಿಧಾನ. ಹತ್ತು ಸಂಖ್ಯೆ ಓದಲು ಅದೇ ಸಲೀಸು.

ಭಾಷೆಯ ಬಗ್ಗೆ ಒಂದೇ ಉದಾಹರಣೆ. ನಿಮ್ಮ ವಾಕ್ಯ: ‘ತಾತ್ಕಾಲಿಕ ಸಂಗ್ರಹಣಾ ಅವಕಾಶದ ಬಳಕೆಯು ವಾಚನ ಪ್ರಕ್ರಿಯೆಯ ಕ್ಷಮತೆಯನ್ನು ವೃದ್ಧಿಸುವಂತಹದ್ದಾಗಿರುತ್ತದೆ.’ ನಾನು ತಿದ್ದಿದ್ದು: ‘ಬಫರ್ ಇದ್ದರೆ ಬೇಗ ಓದಬಹುದು.’ ಚೀಟಿಯಲ್ಲಿ ನೀವೇ ಎಷ್ಟು ಚೆನ್ನಾಗಿ ಬರೆದಿದ್ದೀರಿ! ಲೇಖನ ಅಂದ ಕೂಡಲೇ ಯಾಕೆ ಶಾಲು ಹೊದ್ದುಕೊಂಡಿರಿ?

ಕೊನೆಗೆ ಒಂದು ಸೇರಿಸಿ. ಪತ್ರಿಕೆಗೆ ಬರುವ ಮುಂಚೆ ನಾನು ಒಂದು ಪ್ರೋಗ್ರಾಂ ಬರೆದಿದ್ದೆ. ಒಂದು ಸಾಲು ಓದುವ ಮೆಥಡ್, ಅದನ್ನು ಕರೆದಾಗಲೆಲ್ಲ ಒಳಗೆ ಹೊಸ ಬಫರ್ಡ್‌ರೀಡರ್. ಕೀಬೋರ್ಡಿನಲ್ಲಿ ಟೈಪ್ ಮಾಡಿದರೆ ಸರಿಯಾಗಿ ನಡೆಯುತ್ತಿತ್ತು. ಅದೇ ಇನ್‌ಪುಟ್ಟನ್ನು ಫೈಲಿನಿಂದ ಕೊಟ್ಟರೆ ಮೊದಲ ಸಾಲು ಬಂದು, ಎರಡನೆಯದು ನಲ್. ಎರಡು ದಿನ ತಲೆ ಕೆರೆದುಕೊಂಡೆ. ಕೀಬೋರ್ಡಿನಿಂದ ಒಂದು ಸಲಕ್ಕೆ ಒಂದೇ ಸಾಲು ಬರುತ್ತದೆ, ಫೈಲಿನಿಂದ ಹಾಗಲ್ಲ. ಮೊದಲನೆಯವನು ಒಂದು ಸಾಲು ಕೇಳಿದರೂ ಇಡೀ ಚೀಲ ಹೊತ್ತು ತಂದಿದ್ದ. ನನ್ನ ಫೈಲ್ ಚಿಕ್ಕದು, ಎಲ್ಲ ಅದರಲ್ಲೇ ಹಿಡಿದಿತ್ತು. ಎರಡನೆಯವನು ಬರುವಷ್ಟರಲ್ಲಿ ಲಾರಿ ಖಾಲಿ. ಒಂದು ಇನ್‌ಪುಟ್‌ಗೆ ಒಬ್ಬನೇ ರೀಡರ್, ಕೊನೆಯ ತನಕ ಅವನೇ.

ಸಾವಿರದ ಇನ್ನೂರು ಪದ ಮೀರದ ಹಾಗೆ ಬರೆದು, ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳಿಸಿ. ಕೋಡನ್ನು ಬೇರೆ ಫೈಲಿನಲ್ಲಿಡಿ, ಪುಟದ ಪಕ್ಕ ಚೌಕದಲ್ಲಿ ಹಾಕುತ್ತೇವೆ. ಆ ತೂಕದ ಫೈಲಿನ ನಾಲ್ಕೈದು ಸಾಲೂ ಬೇಕು. ರೈತರ ಹೆಸರು ಮಾತ್ರ ಬದಲಾಯಿಸಿ, ಮಾವನವರನ್ನು ಒಂದು ಮಾತು ಕೇಳಿ ಕಳಿಸಿ.