ವಾಹನ ಪ್ರಶ್ನೋತ್ತರ: ಐ3 ಕಾರಿನ ಪುಟ್ಟ ಎಂಜಿನ್ ಮತ್ತು ಅದರ ತೊಂದರೆಗಳು

ಬಿಎಂಡಬ್ಲ್ಯು ಐ3 ಎಂಬ ಎಲೆಕ್ಟ್ರಿಕ್ ಕಾರಿನ ರೇಂಜ್ ಎಕ್ಸ್‌ಟೆಂಡರ್ (ಬ್ಯಾಟರಿಗೆ ಬೆಂಬಲವಾಗಿ ಪುಟ್ಟ ಪೆಟ್ರೋಲ್ ಎಂಜಿನ್ ಇರುವ) ಮಾದರಿಯನ್ನು ಕುರಿತು ಹೊರದೇಶಗಳಲ್ಲಿರುವ ಕನ್ನಡಿಗರಿಂದಲೂ ಇಲ್ಲಿನ ಓದುಗರಿಂದಲೂ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ಇಲ್ಲಿ 2016ರ ಐ3 ರೇಂಜ್ ಎಕ್ಸ್‌ಟೆಂಡರ್ ಕಾರೊಂದು ಸೆಕೆಂಡ್ ಹ್ಯಾಂಡ್ ಬೆಲೆಗೆ ಸಿಗುತ್ತಿದೆ. ಅದರೊಳಗಿನ ಪೆಟ್ರೋಲ್ ಎಂಜಿನ್ ಎಂಥದ್ದು? ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಬೇಕಾದದ್ದಾದರೂ ಏಕೆ?
— ಓದುಗರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಈ ಕಾರಿನ ಹಿಂದಿನ ಚಕ್ರಗಳನ್ನು ತಿರುಗಿಸುವುದು 125 ಕಿಲೋವ್ಯಾಟ್, ಅಂದರೆ 170 ಅಶ್ವಶಕ್ತಿಯ ವಿದ್ಯುತ್ ಮೋಟಾರ್ ಒಂದೇ. ಪೆಟ್ರೋಲ್ ಎಂಜಿನ್ನಿಗೂ ಚಕ್ರಗಳಿಗೂ ನಡುವೆ ಗೇರ್, ಕ್ಲಚ್, ಶಾಫ್ಟ್ ಯಾವುದೂ ಇಲ್ಲ. ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಜನರೇಟರ್ ಕೊಟ್ಟ ವಿದ್ಯುತ್ತು ಮೋಟಾರಿಗೂ ಬ್ಯಾಟರಿಗೂ ಹೋಗುತ್ತದೆ. ಸೀರೀಸ್ ಹೈಬ್ರಿಡ್ ಎನ್ನುವುದು ಈ ಜೋಡಣೆಯನ್ನೇ.

ಎಂಜಿನ್ 647 ಸಿ.ಸಿ.ಯದು, ಎರಡು ಸಿಲಿಂಡರಿನದು. ಬೋರ್ (ಸಿಲಿಂಡರಿನ ಒಳವ್ಯಾಸ) 79 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 66 ಮಿ.ಮೀ. ಯುರೋಪಿನ ಮಾದರಿಯಲ್ಲಿ ಅದರ ಗರಿಷ್ಠ ಶಕ್ತಿ 28 ಕಿಲೋವ್ಯಾಟ್, ಅಂದರೆ 38 ಅಶ್ವಶಕ್ತಿ. ಅದು ಹಿಂದಿನ ಆಕ್ಸಲ್‌ನ ಬಳಿ ಮೋಟಾರಿನ ಪಕ್ಕದಲ್ಲೇ ಕುಳಿತಿದ್ದರೆ, ಕೇವಲ 9 ಲೀಟರಿನ ಪೆಟ್ರೋಲ್ ಟ್ಯಾಂಕ್ ಕಾರಿನ ಮುಂಭಾಗದಲ್ಲಿದೆ. ಈ ಎಲ್ಲ ಸಲಕರಣೆಗಳಿಂದ ಕಾರಿನ ತೂಕ ಸುಮಾರು 120 ಕಿಲೋ ಹೆಚ್ಚುತ್ತದೆ.

2013ರಲ್ಲಿ ಜರ್ಮನಿಯ ಲೈಪ್‌ಜಿಗ್ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾದಾಗ ಬ್ಯಾಟರಿಯ ಸಾಮರ್ಥ್ಯ ಸುಮಾರು 22 ಕಿಲೋವ್ಯಾಟ್ ಅವರ್ ಮಾತ್ರವಿತ್ತು. ಹೆದ್ದಾರಿಗಳಲ್ಲಿ ಚಾರ್ಜಿಂಗ್ ಕೇಂದ್ರಗಳೂ ವಿರಳವಾಗಿದ್ದವು. ದಾರಿಯ ನಡುವೆ ಬ್ಯಾಟರಿ ಖಾಲಿಯಾದರೆ ಏನು ಗತಿ ಎಂಬ ಅಂಜಿಕೆಗೆ ಕೊಟ್ಟ ಉತ್ತರವೇ ಈ ಎಂಜಿನ್. 2016ರಲ್ಲಿ ಬ್ಯಾಟರಿ 33ಕ್ಕೆ ಏರಿತು. 2018ರ ಕೊನೆಗೆ 42 ಕಿಲೋವ್ಯಾಟ್ ಅವರ್ ಬ್ಯಾಟರಿ ಬಂದಾಗ ಯುರೋಪಿನಲ್ಲಿ ರೇಂಜ್ ಎಕ್ಸ್‌ಟೆಂಡರನ್ನು ಕೈಬಿಡಲಾಯಿತು. 2022ರಲ್ಲಿ ಐ3 ತಯಾರಿಕೆಯೇ ನಿಂತಿತು. ನೀವು ನೋಡುತ್ತಿರುವ 2016ರ ಕಾರು ಹಳೆಯ ಬ್ಯಾಟರಿಯದೂ ಆಗಿರಬಹುದು, ಹೊಸದರದೂ ಆಗಿರಬಹುದು. ಅದು 60 ಆಂಪಿಯರ್ ಅವರ್ ಎಂದು ಗುರುತಿಸುವ ಹಳೆಯ ಮಾದರಿಯೋ 94ರ ಹೊಸದೋ ಎಂಬುದನ್ನು ದಾಖಲೆಗಳಲ್ಲಿ ಮೊದಲು ನೋಡಿಕೊಳ್ಳಿ.

ಮೊದಲ ಮಾದರಿಯ ಜಾಹೀರಾತಿನಲ್ಲಿ ಕಾಣುವ, 100 ಕಿ.ಮೀ.ಗೆ 0.6 ಲೀಟರ್ ಪೆಟ್ರೋಲ್ ಎಂಬ ಅಂಕಿಯನ್ನು ನಂಬಿ ಲೆಕ್ಕ ಹಾಕಬೇಡಿ. ಬ್ಯಾಟರಿಯಿಂದ ಓಡಿದ ದೂರವನ್ನೂ ಸೇರಿಸಿಕೊಳ್ಳುವ ಹಳೆಯ ಯುರೋಪಿಯನ್ ಪರೀಕ್ಷಾ ಕ್ರಮದ ಫಲ ಅದು. ಬರೀ ಪೆಟ್ರೋಲಿನ ಮೇಲೆ ಓಡಿಸಿದಾಗ ಅಮೆರಿಕದ ಅಧಿಕೃತ ಅಂಕಿಯಂತೆ ಮೊದಲ ಮಾದರಿಯ ಮೈಲೇಜ್ ಗ್ಯಾಲನ್ನಿಗೆ 39 ಮೈಲಿ, ಅಂದರೆ ಲೀಟರಿಗೆ ಸುಮಾರು 16.5 ಕಿ.ಮೀ. ಅಷ್ಟನ್ನು ಸಾಧಾರಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕೂಡ ಕೊಡುತ್ತದೆ. ಎಂಜಿನ್ನಿನ ಶಕ್ತಿ ವಿದ್ಯುತ್ತಾಗಿ, ಮತ್ತೆ ಚಲನೆಯಾಗಿ ಬದಲಾಗುವಾಗ ಎರಡು ಕಡೆಯೂ ಸೋರಿಕೆ ಇದ್ದೇ ಇರುತ್ತದೆ.

ಪ್ರಶ್ನೆ: ಇದು ಸ್ಕೂಟರಿನ ಎಂಜಿನ್ ಎಂದು ಕೇಳಿದ್ದೇನೆ. ಅಷ್ಟು ಬೆಲೆಯ ಕಾರಿನಲ್ಲಿ ಸ್ಕೂಟರ್ ಎಂಜಿನ್ ಬಾಳಿಕೆ ಬರುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಕೇಳಿದ್ದು ಸರಿ, ಆದರೆ ಸ್ಕೂಟರ್ ಎಂದೊಡನೆ ನಮ್ಮ ಬೀದಿಯ 110 ಸಿ.ಸಿ. ಗಾಡಿಯನ್ನು ನೆನೆಯಬಾರದು. ಬಿಎಂಡಬ್ಲ್ಯುವಿನ ಸಿ 650 ಜಿಟಿ ಎಂಬ ಭಾರಿ ಸ್ಕೂಟರಿಗಾಗಿ ತೈವಾನಿನ ಕಿಮ್ಕೊ ಸಂಸ್ಥೆ ತಯಾರಿಸುತ್ತಿದ್ದ ಎಂಜಿನ್ನಿನಿಂದ ಇದು ಹುಟ್ಟಿತು. ಸ್ಕೂಟರಿನಲ್ಲಿ ಅದು 60 ಅಶ್ವಶಕ್ತಿ ಕೊಡುತ್ತಿತ್ತು. ಕಾರಿಗೆ ತರುವಾಗ 38ಕ್ಕೆ ಇಳಿಸಲಾಯಿತು. ಸವಾರನ ಕೈಯಲ್ಲಿ ಸಿಕ್ಕು ಕ್ಷಣಕ್ಷಣಕ್ಕೂ ಏರಿಳಿಯುವ ಕಷ್ಟ ಇಲ್ಲಿ ಅದಕ್ಕಿಲ್ಲ, ಗೇರ್ ಬಾಕ್ಸಿನ ಹೊರೆಯೂ ಇಲ್ಲ. ಎಂಜಿನ್ನನ್ನು ಸ್ಟಾರ್ಟ್ ಮಾಡುವ ಕೆಲಸವನ್ನೂ ಜನರೇಟರೇ ಮಾಡುತ್ತದೆ. ಆದ್ದರಿಂದ ಪಿಸ್ಟನ್, ಸಿಲಿಂಡರ್ ಸವೆದು ಹೋಗುವ ಭಯ ಇಲ್ಲಿ ಮುಖ್ಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಎಂಜಿನ್ನಿಗೆ ದುಡಿಮೆಗಿಂತ ಸುಮ್ಮನಿರುವುದೇ ಹೆಚ್ಚು ಕೇಡು ಮಾಡುತ್ತದೆ. ಅದನ್ನು ಮುಂದೆ ವಿವರಿಸಿದ್ದೇವೆ.

ಪ್ರಶ್ನೆ: ಬ್ಯಾಟರಿ ಮುಗಿದು ಎಂಜಿನ್ ಓಡುತ್ತಿರುವಾಗ ಏರುದಾರಿಯಲ್ಲಿ ಈ ಕಾರಿನ ವೇಗ ಇದ್ದಕ್ಕಿದ್ದಂತೆ ಕುಸಿಯುತ್ತದೆ ಎನ್ನುತ್ತಾರೆ. ಇದು ಎಂಜಿನ್ನಿನ ದೋಷವೇ?
— ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಕುಸಿಯುವುದು ನಿಜ. ಇದೇ ಕಾರಣಕ್ಕೆ 2016ರಲ್ಲಿ ನಿಮ್ಮ ರಾಜ್ಯದಲ್ಲೇ ಕೆಲವು ಮಾಲೀಕರು ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದರು. ಆದರೆ ಸಮಸ್ಯೆಯ ಮೂಲ ಎಂಜಿನ್ ಕೆಟ್ಟಿರುವುದಲ್ಲ, ಅದನ್ನು ತಡವಾಗಿ ಎಬ್ಬಿಸುವುದು. ಒಂದು ಲೆಕ್ಕ ಹಾಕಿ ನೋಡೋಣ. ಪ್ರಯಾಣಿಕರೂ ಸೇರಿ 1,500 ಕಿಲೋ ತೂಗುವ ಕಾರು, ನೂರು ಮೀಟರಿಗೆ ಆರು ಮೀಟರ್ ಏರುವ ಹೆದ್ದಾರಿಯಲ್ಲಿ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗಬೇಕಾದರೆ ಏರಿಗೆಂದೇ ಸುಮಾರು 25 ಕಿಲೋವ್ಯಾಟ್ ಬೇಕು. ಗಾಳಿಯ ತಡೆ, ಟೈರುಗಳ ಘರ್ಷಣೆ ಇತ್ಯಾದಿಗಳಿಗೆ ಇನ್ನೂ 15 ಕಿಲೋವ್ಯಾಟ್ ಹಿಡಿಯಿರಿ. ಬೇಕಾದದ್ದು 40. ಜನರೇಟರ್ ಕೊಡುವುದನ್ನು 25 ಎಂದಿಟ್ಟುಕೊಂಡರೆ ಉಳಿದ 15 ಕಿಲೋವ್ಯಾಟನ್ನು ಬ್ಯಾಟರಿಯೇ ತುಂಬಬೇಕು. ಅಮೆರಿಕದ ಮಾದರಿಯಲ್ಲಿ ಬ್ಯಾಟರಿ ಶೇ. 6.5ರಷ್ಟಕ್ಕೆ ಇಳಿದ ಮೇಲಷ್ಟೇ ಎಂಜಿನ್ ಚಾಲೂ ಆಗುತ್ತದೆ. ಹಳೆಯ ಬ್ಯಾಟರಿಯಲ್ಲಿ ಆಗ ಉಳಿದಿರುವುದು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು ಒಂದು ಯೂನಿಟ್. 15 ಕಿಲೋವ್ಯಾಟ್ ಎಳೆದರೆ ಅದು ನಾಲ್ಕೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಕಾರು ಜನರೇಟರ್ ಕೊಟ್ಟಷ್ಟರಲ್ಲೇ ಏರಬೇಕು. ಲಾರಿಗಳ ನಡುವೆ ಹಾಗೆ ನಿಧಾನವಾಗುವುದು ಅಪಾಯಕರವೆಂಬ ದೂರಿನಲ್ಲಿ ಹುರುಳಿದೆ.

ಯುರೋಪಿನ ಕಾರುಗಳಲ್ಲಿ ಬ್ಯಾಟರಿ ಶೇ. 75ಕ್ಕಿಂತ ಕೆಳಗಿಳಿದ ಮೇಲೆ ಚಾಲಕನೇ ಮೆನುವಿನಲ್ಲಿ ಎಂಜಿನ್ನನ್ನು ಆನ್ ಮಾಡಿ, ಇರುವ ಚಾರ್ಜನ್ನು ಕಾಪಾಡಿಕೊಳ್ಳಬಹುದು. ಆಗ ಅದೇ ಏರಿಗೆ ಹದಿನಾಲ್ಕು ಯೂನಿಟ್ಟಿನ ಬೆಂಬಲ ಇರುವುದರಿಂದ ಯಾವ ಘಟ್ಟವೂ ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ ಈ ಸೌಲಭ್ಯವನ್ನು ಸಾಫ್ಟ್‌ವೇರಿನಲ್ಲೇ ಮುಚ್ಚಲಾಗಿತ್ತು, ಟ್ಯಾಂಕಿನ ಬಳಕೆಯನ್ನೂ ಮೊದಲ ಮಾದರಿಗಳಲ್ಲಿ 1.9 ಗ್ಯಾಲನ್ನಿಗೆ ಮಿತಿಗೊಳಿಸಲಾಗಿತ್ತು. ಪೆಟ್ರೋಲಿನಿಂದ ಓಡುವ ದೂರ ಬ್ಯಾಟರಿಯಿಂದ ಓಡುವ ದೂರವನ್ನು ಮೀರಬಾರದು, ಬ್ಯಾಟರಿ ಬಹುತೇಕ ಬರಿದಾಗುವವರೆಗೆ ಎಂಜಿನ್ ಓಡಬಾರದು ಎಂಬುದು ಆ ರಾಜ್ಯದ ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆಯಾದ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡಿನ ನಿಯಮ. ಅದನ್ನು ಪಾಲಿಸಿದ ಕಾರಿಗಷ್ಟೇ ರೇಂಜ್ ಎಕ್ಸ್‌ಟೆಂಡರ್ ಇರುವ ಎಲೆಕ್ಟ್ರಿಕ್ ಕಾರು ಎಂಬ ವರ್ಗದ ಮಾನ್ಯತೆ ಸಿಗುತ್ತಿತ್ತು. ನಿಯಮದ ಉದ್ದೇಶ ಒಳ್ಳೆಯದೇ, ಆದರೆ ಘಟ್ಟದ ಬುಡದಲ್ಲಿ ನಿಂತ ಚಾಲಕನನ್ನು ಅದು ನೆನೆಯಲಿಲ್ಲ.

ಪ್ರಶ್ನೆ: ಹಳೆಯ ಕಾರನ್ನು ಕೊಳ್ಳುವಾಗ ಈ ಎಂಜಿನ್ನಿನಲ್ಲಿ ಯಾವ ತೊಂದರೆಗಳನ್ನು ಮುಖ್ಯವಾಗಿ ಹುಡುಕಬೇಕು?
— ಓದುಗರು, ಮ್ಯೂನಿಕ್

ಉತ್ತರ: ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರನ್ನು ಕರೆಂಟ್ ಹೋಗಲಿ, ಹೋಗದಿರಲಿ, ಆಗಾಗ ಓಡಿಸಿಡುತ್ತಾರಲ್ಲವೇ, ಇದಕ್ಕೂ ಅದೇ ಉಪಚಾರ ಬೇಕು. ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಊರೊಳಗೆ ಓಡಾಡುವ ಮಾಲೀಕನಿಗೆ ತಿಂಗಳುಗಟ್ಟಲೆ ಎಂಜಿನ್ನಿನ ಅಗತ್ಯವೇ ಬೀಳುವುದಿಲ್ಲ. ಟ್ಯಾಂಕಿನ ಪೆಟ್ರೋಲ್ ಹಳತಾಗುತ್ತದೆ; ಅಪರೂಪಕ್ಕೆ ಕೆಲವೇ ನಿಮಿಷ ಓಡಿದಾಗ ಆಯಿಲ್ ಪೂರ್ತಿ ಬಿಸಿಯಾಗದೆ, ಒಳಗೆ ಇಂಗಿದ ನೀರಿನ ಪಸೆ ಆವಿಯಾಗಿ ಹೋಗದೆ ಉಳಿಯುತ್ತದೆ. ಇದನ್ನು ಬಲ್ಲ ತಯಾರಕರು, ಸುಮಾರು ಎರಡು ತಿಂಗಳು ಎಂಜಿನ್ ಓಡದಿದ್ದರೆ ಕಾರು ಚಲಿಸುತ್ತಿರುವಾಗ ತಾನಾಗಿಯೇ ಸ್ವಲ್ಪ ಹೊತ್ತು ಓಡಿ ನಿಲ್ಲುವ ವ್ಯವಸ್ಥೆಯನ್ನು ಇಟ್ಟಿದ್ದಾರೆ. ಬ್ಯಾಟರಿ ತುಂಬಿದ್ದರೂ ಹಿಂದೆ ಗುರುಗುಟ್ಟುವ ಸದ್ದು ಕೇಳಿದರೆ ಗಾಬರಿ ಬೇಡ. ಆದರೂ ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸುವುದು, ಟ್ಯಾಂಕನ್ನು ವರ್ಷವಿಡೀ ತುಂಬಿಟ್ಟುಕೊಳ್ಳದೆ ಆಗಾಗ ಸ್ವಲ್ಪ ಸ್ವಲ್ಪ ಹಾಕಿಸುವುದು ಉತ್ತಮ. ಸರ್ವೀಸ್ ಪುಸ್ತಕದಲ್ಲಿ ಆಯಿಲ್ ಬದಲಾವಣೆಯ ತಾರೀಖುಗಳನ್ನು ನೋಡಿ. ಕಡಿಮೆ ಕಿ.ಮೀ. ಓಡಿದೆ ಎಂಬ ನೆಪದಲ್ಲಿ ವರ್ಷಗಟ್ಟಲೆ ಆಯಿಲ್ ಬದಲಿಸದ ಕಾರನ್ನು ಬಿಡುವುದೇ ಲೇಸು.

ಎರಡನೆಯದು ಪೆಟ್ರೋಲ್ ಆವಿಗೆ ಸಂಬಂಧಿಸಿದ್ದು. ಆವಿ ಹೊರಹೋಗದಂತೆ ಟ್ಯಾಂಕನ್ನು ಒತ್ತಡದಲ್ಲಿ ಮುಚ್ಚಿಟ್ಟಿರುತ್ತಾರೆ. ಪೆಟ್ರೋಲ್ ಹಾಕಿಸುವ ಮೊದಲು ಒಂದು ಗುಂಡಿ ಒತ್ತಿ, ಒತ್ತಡ ಇಳಿಯುವವರೆಗೆ ಕಾಯಬೇಕು. ಈ ಭಾಗದ ವಾಲ್ವ್ ಅಥವಾ ಸೆನ್ಸರ್ ಕೈಕೊಟ್ಟರೆ ಮುಚ್ಚಳ ತೆರೆಯುವುದಿಲ್ಲ, ಇಲ್ಲವೇ ಎಂಜಿನ್ ದೀಪ ಹತ್ತುತ್ತದೆ. ಇದಕ್ಕಿಂತ ಗಂಭೀರವಾದದ್ದು, ಟ್ಯಾಂಕಿನ ಆವಿ ಕೊಳವೆ ಪಕ್ಕದ ಬ್ಯಾಟರಿ ಕೇಬಲ್ಲಿನ ಹೊದಿಕೆಗೆ ಉಜ್ಜಿ ತೂತಾಗಬಹುದೆಂಬ ದೋಷ. ಬೆಂಕಿಯ ಅಪಾಯವಿದ್ದುದರಿಂದ 2017ರಲ್ಲಿ ಅಮೆರಿಕದಲ್ಲಿ 19,000ಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ನಿಮ್ಮ ಕಾರಿನ ಛಾಸಿ ನಂಬರನ್ನು ಡೀಲರಿಗೆ ಕೊಟ್ಟು, ಬಾಕಿ ಉಳಿದ ರೀಕಾಲ್ ಕೆಲಸ ಯಾವುದಾದರೂ ಇದೆಯೇ ಎಂದು ಲಿಖಿತವಾಗಿ ಕೇಳಿ.

ಮೋಟಾರಿನ ಮೌಂಟ್ ಬೋಲ್ಟ್ ಮುರಿದ ಪ್ರಕರಣಗಳೂ ಇವೆ. ವೇಗ ಹೆಚ್ಚಿಸಿದಾಗ ಅಥವಾ ಕಾಲು ತೆಗೆದಾಗ ಹಿಂದಿನಿಂದ ಟಕ್ಕೆಂಬ ಸದ್ದು ಬಂದರೆ ಕೆಳಗಿನಿಂದ ಪರೀಕ್ಷೆ ಮಾಡಿಸಿ. ಇನ್ನು ಡ್ಯಾಶ್‌ಬೋರ್ಡಿನಲ್ಲಿ ಡ್ರೈವ್‌ಟ್ರೇನ್ (ಕಾರನ್ನು ಓಡಿಸುವ ವ್ಯವಸ್ಥೆ) ಎಚ್ಚರಿಕೆ ಮೂಡಿದೊಡನೆ ಎಂಜಿನ್ನನ್ನು ಬೈಯಬೇಡಿ; ಎಷ್ಟೋ ಬಾರಿ 12 ವೋಲ್ಟಿನ ಚಿಕ್ಕ ಬ್ಯಾಟರಿ ದುರ್ಬಲವಾಗಿರುವುದೇ ಅದಕ್ಕೆ ಕಾರಣ, ಅದರ ಖರ್ಚೂ ಹೆಚ್ಚಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಈ ಕಾರಿನಲ್ಲಿ ಜೇಬು ಖಾಲಿ ಮಾಡುವುದು ಎಸಿ ಕಂಪ್ರೆಸರ್. ಎಸಿಯ ಗ್ಯಾಸೇ ದೊಡ್ಡ ಬ್ಯಾಟರಿಯನ್ನೂ ತಂಪಾಗಿಡುವುದರಿಂದ, ಕಂಪ್ರೆಸರ್ ಒಳಗೇ ಸವೆದು ಪುಡಿಯಾದರೆ ಲೋಹದ ಚೂರುಗಳು ಬ್ಯಾಟರಿಯ ಕೊಳವೆಗಳವರೆಗೂ ಸಾಗುತ್ತವೆ. ದುರಸ್ತಿಯ ಮೊತ್ತ ಹಳೆಯ ಕಾರಿನ ಬೆಲೆಯ ಹತ್ತಿರಕ್ಕೇ ಬರಬಹುದು.

ಪರೀಕ್ಷಾ ಓಟಕ್ಕೆ ಹೋಗುವಾಗ ಬ್ಯಾಟರಿಯನ್ನು ಶೇ. 75ಕ್ಕಿಂತ ಕಡಿಮೆ ಇರಿಸುವಂತೆ ಮಾರುವವರಿಗೆ ಮೊದಲೇ ತಿಳಿಸಿ. ಪೂರ್ತಿ ಚಾರ್ಜಾದ ಕಾರಿನಲ್ಲಿ ನಿಮಗೆ ಎಂಜಿನ್ನನ್ನು ಎಬ್ಬಿಸಲಾಗದು, ದೋಷವಿದ್ದರೂ ಮುಚ್ಚಿಹೋಗುತ್ತದೆ. ಎಂಜಿನ್ ಆನ್ ಮಾಡಿ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿದಾಗ ಚಾರ್ಜ್ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲಬೇಕು.

ಪ್ರಶ್ನೆ: ಇಂಥ ಕಾರು ನಮ್ಮಲ್ಲಿ ಸಿಗುತ್ತದೆಯೇ? ಹೋಂಡಾ ಸಿಟಿ ಹೈಬ್ರಿಡ್ ಕೂಡ ಇದೇ ಬಗೆಯದೇ?
— ಓದುಗರು, ಬೆಂಗಳೂರು

ಉತ್ತರ: ಐ3 ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಲಿಲ್ಲ. 2022ರಲ್ಲಿ ಬಂದ ಸಿಟಿ ಇ:ಎಚ್‌ಇವಿ ಊರೊಳಗೆ ಬಹುಮಟ್ಟಿಗೆ ಸೀರೀಸ್ ಹೈಬ್ರಿಡ್ಡಿನಂತೆಯೇ ವರ್ತಿಸುತ್ತದೆ: ಅದರ 1.5 ಲೀಟರಿನ, 98 ಅಶ್ವಶಕ್ತಿಯ ಎಂಜಿನ್ ಜನರೇಟರನ್ನು ತಿರುಗಿಸಿದರೆ 109 ಅಶ್ವಶಕ್ತಿಯ ಮೋಟಾರ್ ಚಕ್ರಗಳನ್ನು ತಿರುಗಿಸುತ್ತದೆ. ಆದರೆ ಹೆದ್ದಾರಿಯ ವೇಗದಲ್ಲಿ ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಗಳಿಗೆ ಬಲ ಕೊಡುವುದರಿಂದ ಅದನ್ನು ಶುದ್ಧ ಸೀರೀಸ್ ಎನ್ನಲಾಗದು. ಹೊರಗಿನಿಂದ ಚಾರ್ಜ್ ಮಾಡುವ ಪ್ಲಗ್ ಇಲ್ಲದ ಕಾರಣ ಎಂಜಿನ್ ದಿನವೂ ಓಡಲೇಬೇಕು. ಹಾಗಾಗಿ ಐ3 ಎಂಜಿನ್ನನ್ನು ಕಾಡುವ ಹಳೆಯ ಪೆಟ್ರೋಲು, ತಂಪು ಆಯಿಲಿನ ತೊಂದರೆಗಳು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ನಿಸ್ಸಾನ್ ಕಂಪನಿಯ ಇ-ಪವರ್ ವ್ಯವಸ್ಥೆಯಲ್ಲಿ ಚಕ್ರಗಳಿಗೆ ಬಲ ಕೊಡುವುದು ಮೋಟಾರ್ ಮಾತ್ರ. ಜಪಾನಿನಲ್ಲಿ ಅದು 2016ರಲ್ಲೇ ನೋಟ್ ಕಾರಿನಲ್ಲಿ ಬಂತು. 2024ರಲ್ಲಿ ಭಾರತಕ್ಕೆ ಬಂದ ಎಕ್ಸ್-ಟ್ರೇಲ್ ಮಾತ್ರ ಇ-ಪವರ್ ಅಲ್ಲ, 12 ವೋಲ್ಟಿನ ಮೈಲ್ಡ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ತಿನ ಅಲ್ಪ ನೆರವಷ್ಟೇ ಇರುವ ಕಾರು. ಹೊರದೇಶದ ವಿಡಿಯೊಗಳನ್ನು ನೋಡಿ ಶೋರೂಮಿಗೆ ಹೋಗುವವರು ಇದನ್ನು ಗಮನದಲ್ಲಿಡಬೇಕು.