ಒಮ್ಮೆ 48, ಒಮ್ಮೆ 22: ಯಾವ ರಿಪೋರ್ಟ್ ನಂಬಲಿ?

ಪ್ರಶ್ನೆ: ನನಗೆ 54 ವರ್ಷ. ಎಂಟು ವರ್ಷದಿಂದ ಶುಗರ್ ಇದೆ. ಹೋದ ತಿಂಗಳು ಮೂತ್ರ ಪರೀಕ್ಷೆಯಲ್ಲಿ ಎಸಿಆರ್ (ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ) 48 ಬಂತು. ಗಾಬರಿಯಾಗಿ ಮೂರು ವಾರ ಬಿಟ್ಟು ಬೇರೆ ಲ್ಯಾಬ್‌ನಲ್ಲಿ ಮಾಡಿಸಿದೆ, 22 ಬಂತು. ಅದಕ್ಕೂ ಮೊದಲು ಪಟ್ಟಿ ಅದ್ದಿ ನೋಡಿದಾಗ ಪ್ರೋಟೀನ್ ‘ನಿಲ್’ ಅಂದಿದ್ದರು. ತಪ್ಪು ಯಾರದ್ದು?

ಉತ್ತರ: ಯಾರದ್ದೂ ಅಲ್ಲದಿರಬಹುದು. ಮೂತ್ರದಲ್ಲಿ ಹೋಗುವ ಅಲ್ಬುಮಿನ್ (ಕಿಡ್ನಿ ಸೊರಗಿದಾಗ ಹೆಚ್ಚು ಸೋರುವ ಒಂದು ಪ್ರೋಟೀನ್) ದಿನದಿಂದ ದಿನಕ್ಕೆ ತುಂಬಾ ಏರಿಳಿಯುತ್ತದೆ. ಹಿಂದಿನ ದಿನ ಜೋರಾಗಿ ವ್ಯಾಯಾಮ ಮಾಡಿದ್ದರೆ, ಜ್ವರ ಅಥವಾ ಮೂತ್ರದ ಸೋಂಕು ಇದ್ದರೆ, ಶುಗರ್, ಬಿಪಿ ವಿಪರೀತ ಏರಿದ್ದರೆ ಸ್ವಲ್ಪ ದಿನದ ಮಟ್ಟಿಗೆ ಅದು ಜಾಸ್ತಿ ಬರುತ್ತದೆ. ಹೆಂಗಸರಲ್ಲಿ ಮುಟ್ಟಿನ ರಕ್ತ ಬೆರೆತರೂ ಹಾಗೇ. ಸ್ಯಾಂಪಲ್ ಕೊಟ್ಟ ಹೊತ್ತೂ ಮುಖ್ಯ. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವೇ ಒಳ್ಳೆಯದು. ನೀವು ಎರಡು ಸಲವೂ ಯಾವಾಗ ಕೊಟ್ಟಿರಿ ಅಂತ ನೆನಪು ಮಾಡಿಕೊಳ್ಳಿ.

ಪಟ್ಟಿಯ ‘ನಿಲ್’ ನೋಡಿ ಸಮಾಧಾನ ಪಡಬೇಡಿ. ಮಾಮೂಲಿ ಪಟ್ಟಿಗೆ ಇಷ್ಟು ಕಡಿಮೆ ಅಲ್ಬುಮಿನ್ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಜಾಸ್ತಿ ನೀರು ಕುಡಿದು ಮೂತ್ರ ತೆಳುವಾಗಿದ್ದರಂತೂ ಇನ್ನೂ ಕಷ್ಟ. ಅದಕ್ಕೇ ಎಸಿಆರ್‌ನಲ್ಲಿ ಅಲ್ಬುಮಿನ್ನನ್ನು ಅದೇ ಮೂತ್ರದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಜೊತೆ ಲೆಕ್ಕ ಹಾಕುತ್ತಾರೆ, ತೆಳು-ಗಟ್ಟಿಯ ವ್ಯತ್ಯಾಸ ಬಹುಮಟ್ಟಿಗೆ ಹೋಗುತ್ತದೆ. ಆದರೆ ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ತೀರಾ ಸಣಕಲು ದೇಹದವರಲ್ಲಿ, ವಯಸ್ಸಾದವರಲ್ಲಿ ಅದು ಕಡಿಮೆ, ಹಾಗಾಗಿ ಎಸಿಆರ್ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಕಟ್ಟುಮಸ್ತಾದವರಲ್ಲಿ ಇದು ಉಲ್ಟಾ.

ಲ್ಯಾಬ್‌ನ ಕಡೆಯೂ ಮಿತಿಗಳಿವೆ. ಬೇರೆ ಬೇರೆ ಕಂಪನಿಯ ಯಂತ್ರ, ಕಿಟ್‌ಗಳ ಫಲಿತಾಂಶ ಪೂರ್ತಿ ಹೊಂದುವುದಿಲ್ಲ. ಅಲ್ಬುಮಿನ್ ವಿಪರೀತ ಇದ್ದಾಗ ಕೆಲವು ವಿಧಾನಗಳು ಸುಳ್ಳೇ ಕಡಿಮೆ ತೋರಿಸುವುದೂ ಉಂಟು. ಕಾಲು ಬಾತು, ಮೂತ್ರ ನೊರೆನೊರೆಯಾಗಿದ್ದೂ ರಿಪೋರ್ಟ್ ನಾರ್ಮಲ್ ಬಂದರೆ ಸ್ಯಾಂಪಲ್ ತೆಳು ಮಾಡಿ ಇನ್ನೊಮ್ಮೆ ನೋಡಲು ಲ್ಯಾಬ್‌ಗೆ ಹೇಳಲೇಬೇಕು.

ನಿಮ್ಮ ವಿಷಯಕ್ಕೆ ಬರೋಣ. ಅಲ್ಬುಮಿನ್ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ, 30ರಿಂದ 300 ಅಂದರೆ ಹೆಚ್ಚಾಗಿದೆ ಅಂತ ಅರ್ಥ. ಆದರೆ ಮೂರರಿಂದ ಆರು ತಿಂಗಳೊಳಗೆ ಮಾಡಿದ ಮೂರು ಪರೀಕ್ಷೆಗಳಲ್ಲಿ ಎರಡಾದರೂ 30ರ ಗೆರೆ ದಾಟಿದ್ದರೆ ಮಾತ್ರ ಹಾಗೆ ಹೇಳಬಹುದು. ನಿಮ್ಮದು ಒಂದು ಆಚೆ, ಒಂದು ಈಚೆ. ಮೂರನೆಯದನ್ನು ಜ್ವರ, ಸೋಂಕು ಇಲ್ಲದ ದಿನ, ಬೆಳಗಿನ ಮೊದಲ ಮೂತ್ರದಲ್ಲೇ ಮಾಡಿಸಿ. ಮುಂದೆಯೂ ಒಂದೇ ಲ್ಯಾಬ್‌ಗೆ ಹೋಗಿ. ಜೊತೆಗೆ ರಕ್ತದ ಕ್ರಿಯಾಟಿನಿನ್ ನೋಡಿಸಿ, ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಎಷ್ಟು ಅಂತ ಕೇಳಿ. ಅಲ್ಬುಮಿನ್ ಸೋರದೆಯೂ ಶುಗರ್‌ನಿಂದ ಕಿಡ್ನಿ ಸೊರಗುವುದುಂಟು. ಅಲ್ಲಿಯವರೆಗೆ ಬಿಪಿ, ಶುಗರ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.