ಬೋರ್ಬನ್ ವಿಸ್ಕಿಗೆ ವೆನಿಲಾ ಪರಿಮಳ ಎಲ್ಲಿಂದ ಬರುತ್ತದೆ? ಏನಾದರೂ ಬೆರೆಸುತ್ತಾರೆಯೇ?

ಬೆರೆಸುವುದಿಲ್ಲ, ಬೆರೆಸುವಂತೆಯೂ ಇಲ್ಲ. ಆ ಪರಿಮಳ, ಜೊತೆಗೆ ಆ ಕಂದು ಬಣ್ಣ, ಎರಡೂ ಪೀಪಾಯಿಯ ಕೊಡುಗೆ. ಅಮೆರಿಕದ ಕಾನೂನಿನ ಪ್ರಕಾರ ಬೋರ್ಬನ್ ತಯಾರಿಸುವ ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳ ಇರಬೇಕು. ಬಟ್ಟಿ ಇಳಿಸಿದ ಮದ್ಯವನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ತುಂಬುವಾಗ ಅದು ನೀರಿನಷ್ಟೇ ತಿಳಿಯಾಗಿರುತ್ತದೆ.

ಬೆಂಕಿ ತಾಗಿದಾಗ ಓಕ್ ಮರದ ನಾರನ್ನು ಗಟ್ಟಿಯಾಗಿ ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಶ ಒಡೆದು ವೆನಿಲಿನ್ ಹುಟ್ಟುತ್ತದೆ. ವೆನಿಲಾ ಕೋಡಿಗೆ ಘಮ ಕೊಡುವುದೂ ಇದೇ ವಸ್ತು. ಮರದೊಳಗಿನ ಸಕ್ಕರೆಯೂ ಕಂದು ಬಣ್ಣಕ್ಕೆ ತಿರುಗುತ್ತದೆ. ಒಲೆಯ ಮೇಲೆ ಬೆಲ್ಲದ ಪಾಕ ಹದ ಮೀರುವಾಗ ಏಳುವ ವಾಸನೆಯನ್ನು ನೆನೆಸಿಕೊಳ್ಳಿ. ಅಮೆರಿಕದ ಕೆಂಟಕಿ ರಾಜ್ಯದ ಉಗ್ರಾಣಗಳಲ್ಲಿ ಬೇಸಿಗೆಯ ಸೆಕೆಗೆ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಇದೆಲ್ಲವನ್ನೂ ಹೊತ್ತು ಹಿಂದಿರುಗುತ್ತದೆ. ಹಳೆಯ ಪೀಪಾಯಿಯ ಹಲಗೆಯನ್ನು ಅಡ್ಡ ಕೊಯ್ದರೆ ಮದ್ಯ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದು ಕೆಂಪು ಗೆರೆಯಾಗಿ ಕಾಣುತ್ತದೆ.

ಪ್ರತಿ ಸಲವೂ ಹೊಸ ಪೀಪಾಯಿಯೇ ಬೇಕಾದ್ದರಿಂದ ಬಳಸಿದವು ಬೇರೆಯವರ ಪಾಲು. ಸ್ಕಾಟ್ಲೆಂಡಿನವರು ಕೊಳ್ಳುತ್ತಾರೆ, ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಹದಗೊಳ್ಳುವುದಕ್ಕೂ ಇಂಥ ಪೀಪಾಯಿಗಳನ್ನು ಬಳಸುತ್ತಾರೆ.

ಕೌಬಾಯ್‌ಗಳು ವಿಸ್ಕಿಯನ್ನು ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಳ್ಳುವುದು ಸಿನಿಮಾದ ಗತ್ತು. ಹಾಗೆ ಕುಡಿದರೆ ಉರಿಯಷ್ಟೇ ಸಿಗುತ್ತದೆ. ನಾಲ್ಕು ಹನಿ ನೀರು ಬಿಟ್ಟು, ಲೋಟವನ್ನು ಮೂಗಿನ ಬಳಿ ಹಿಡಿದು ನೋಡಿ, ವೆನಿಲಾ ತಾನಾಗಿ ಬರುತ್ತದೆ. ಅಂದ ಹಾಗೆ, ನಮ್ಮ ಬೋರ್ಬನ್ ಬಿಸ್ಕತ್ತಿಗೂ ಇದಕ್ಕೂ ಹೆಸರಿನ ನಂಟು ಮಾತ್ರ.